ಶಾಲಿಗೆ ಯಾವ ಕಡ್ಡಿ? ಲೇಬಲ್ ಒಂದು ಹೇಳುತ್ತೆ, ಪ್ಯಾಟರ್ನ್ ಇನ್ನೊಂದು ಹೇಳುತ್ತೆ

ನೀಲಿನೂಲು
ಎಲ್ಲರಿಗೂ ನಮಸ್ಕಾರ. ಮೊದಲ ಸಲ ಲೇಸ್ ಶಾಲ್ ಹೆಣೆಯಲು ಹೊರಟಿದ್ದೇನೆ. ಕುತ್ತಿಗೆ ಹತ್ತಿರ ನಾಲ್ಕಾರು ಸ್ಟಿಚ್‌ನಿಂದ ಶುರುವಾಗಿ ಕೆಳಗೆ ಅಗಲವಾಗುತ್ತಾ ಹೋಗುವ ತ್ರಿಕೋನ ಶಾಲ್. ನೂಲು ಫಿಂಗರಿಂಗ್ (ಸಪೂರ ನೂಲಿನ ಒಂದು ದರ್ಜೆ), ಶುದ್ಧ ಉಣ್ಣೆ, 100 ಗ್ರಾಂಗೆ 400 ಮೀಟರ್. ನನ್ನ ಹತ್ತಿರ ಇರೋದು ಒಂದೇ ಉಂಡೆ. ಪ್ಯಾಟರ್ನ್ ಪ್ರಕಾರ 370 ಮೀಟರ್ ಬೇಕು.

ಗೊಂದಲ ಶುರುವಾಗಿದ್ದು ಕಡ್ಡಿಯಿಂದ. ನೂಲಿನ ಲೇಬಲ್ ಮೇಲೆ 2.5ರಿಂದ 3 ಮಿ.ಮೀ. ಅಂತ ಇದೆ. ಪ್ಯಾಟರ್ನ್‌ನಲ್ಲಿ 4 ಮಿ.ಮೀ. ಅಂತ ಇದೆ. ಗೇಜ್, ಅಂದರೆ ಇಷ್ಟು ಅಗಲಕ್ಕೆ ಎಷ್ಟು ಸ್ಟಿಚ್ ಅನ್ನೋ ಲೆಕ್ಕ, 10 ಸೆಂ.ಮೀ.ಗೆ 20 ಸ್ಟಿಚ್. ನಾನು 4 ಮಿ.ಮೀ. ಕಡ್ಡಿಯಲ್ಲಿ ಒಂದು ಸ್ವಾಚ್ (ಅಳತೆ ನೋಡಲು ಹೆಣೆಯುವ ಪುಟ್ಟ ತುಂಡು) ಹೆಣೆದು ನೋಡಿದೆ, 23 ಬಂತು. ಈಗ ಕಡ್ಡಿ ಬದಲಿಸಬೇಕಾ? ಗೆಳತಿಯೊಬ್ಬಳು "ಶಾಲ್ ಏನು ಮೈಗೆ ಸರಿಯಾಗಿ ಕೂರಬೇಕಾ, ಗೇಜ್ ತಲೆನೋವು ಯಾಕೆ" ಅನ್ನುತ್ತಾಳೆ. ಅವಳು ಹೇಳೋದು ಸರೀನಾ?

ಸಾಲುಸಾಲು
ಸ್ವಾಚ್ ತೊಳೆದ್ರಾ? ತೊಳೆಯದೆ ಅಳೆದ 23 ಲೆಕ್ಕಕ್ಕೆ ಬರುವುದಿಲ್ಲ.

ಕಡ್ಡಿಚೀಲ
ಲೇಬಲ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಆ ನೂಲಲ್ಲಿ ನೀವು ಕಾಲುಚೀಲ ಹೆಣೆಯುತ್ತೀರಾ, ಶಾಲ್ ಹೆಣೆಯುತ್ತೀರಾ ಅಂತ ಲೇಬಲ್ ಹಾಕಿದವರಿಗೆ ಗೊತ್ತಿರುವುದಿಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಒತ್ತಾದ, ಗಟ್ಟಿಯಾದ ಬಟ್ಟೆ ಬರುವ ಅಳತೆಯನ್ನು ಅವರು ಕೊಟ್ಟಿರುತ್ತಾರೆ. ಕಾಲುಚೀಲ, ಸ್ವೆಟರ್‌ಗೆ ಅದು ಸರಿ. ಶಾಲಿಗೆ ಬೇಕಾಗಿರೋದು ಬೇರೆ. ಮೈಮೇಲೆ ಹಾಕಿದರೆ ಇಳಿಬೀಳಬೇಕು, ಲೇಸ್‌ನ ತೂತು ಬಿಡಿಸಿಕೊಂಡು ಕಾಣಬೇಕು.

ಅದಕ್ಕೇ ಫಿಂಗರಿಂಗ್ ನೂಲಿನ ಶಾಲಿಗೆ ಸಾಮಾನ್ಯವಾಗಿ 3.5ರಿಂದ 4.5 ಮಿ.ಮೀ. ಹಿಡಿಯುತ್ತಾರೆ. ಇನ್ನೂ ಸಣ್ಣ ಲೇಸ್ ನೂಲು, ಅಂದರೆ 100 ಗ್ರಾಂಗೆ 800 ಮೀಟರ್ ಬರುವಂಥದ್ದು, ಅದಕ್ಕೂ 3.25ರಿಂದ 4 ಮಿ.ಮೀ. ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಈ ವಿಷಯದಲ್ಲಿ ಪ್ಯಾಟರ್ನ್ ಮಾತು ಕೇಳಿ, ಲೇಬಲ್ ಮಾತು ಬಿಡಿ.

ಹಳೇಕೈ
ನಿಮ್ಮ ಗೆಳತಿ ಹೇಳಿದ್ದೇ ಸರಿ. ಇಷ್ಟು ವರ್ಷದಿಂದ ಶಾಲ್ ಹೆಣೆಯುತ್ತಿದ್ದೇನೆ, ಯಾವುದಕ್ಕೂ ಸ್ವಾಚ್ ಮಾಡಿಲ್ಲ. ಕುತ್ತಿಗೆಯಿಂದ ಶುರುವಾಗುವ ಶಾಲಿನಲ್ಲಿ ಮೊದಲ ಒಂದು ಗೇಣು ಹೆಣೆಯುವಷ್ಟರಲ್ಲಿ ಬಟ್ಟೆ ಹೇಗೆ ಬರುತ್ತಿದೆ ಅಂತ ಕೈಗೇ ಗೊತ್ತಾಗುತ್ತೆ. ಇಷ್ಟ ಆಗದಿದ್ದರೆ ಬಿಚ್ಚಿ ಬೇರೆ ಕಡ್ಡಿ ತಗೊಳ್ಳಿ. ಪುಟ್ಟ ಚೌಕ ಹೆಣೆದು, ತೊಳೆದು, ಪಿನ್ ಹಾಕಿ, ಒಣಗುವ ತನಕ ಕಾಯುವ ಹೊತ್ತಿಗೆ ಶಾಲಿನ ಕಾಲು ಭಾಗ ಆಗಿರುತ್ತೆ.

ಲೆಕ್ಕದಮೇಷ್ಟ್ರು
ಹಳೇಕೈ ಅವರೇ, ನಿಮ್ಮ ಅನುಭವ ದೊಡ್ಡದು, ಒಪ್ಪುತ್ತೇನೆ. ಆದರೆ ನೀಲಿನೂಲು ಅವರ ಹತ್ತಿರ ಇರೋದು ಒಂದೇ ಉಂಡೆ. ಅಲ್ಲಿ ಲೆಕ್ಕ ಬೇಕೇ ಬೇಕು.

ಈ ಥರದ ಶಾಲಿನಲ್ಲಿ ಎರಡು ಸಾಲಿಗೆ 4 ಸ್ಟಿಚ್ ಹೆಚ್ಚುತ್ತೆ. ಕೊನೆ ಸಾಲಿಗೆ ಸುಮಾರು 320 ಸ್ಟಿಚ್ ಇರುತ್ತೆ ಅಂತ ಇಟ್ಟುಕೊಳ್ಳೋಣ. ಅಂದರೆ 160 ಸಾಲಿನ ಆಸುಪಾಸು. ಗೇಜ್ 20 ಆದರೆ ಕೆಳಗಿನ ಎರಡು ಅಂಚು ಸೇರಿ 160 ಸೆಂ.ಮೀ. 23 ಆದರೆ 139. 18 ಆದರೆ 178. ಪ್ಯಾಟರ್ನ್ ಅದೇ, ಸ್ಟಿಚ್ ಅಷ್ಟೇ, ಒಂದು ಕೊರಳಿಗೆ ಸುತ್ತುವ ಸ್ಕಾರ್ಫ್ ಆಗುತ್ತೆ, ಇನ್ನೊಂದು ಹೆಗಲು ಮುಚ್ಚುವ ಶಾಲ್ ಆಗುತ್ತೆ.

ಇನ್ನು ನೂಲು. ಸ್ಟಿಚ್ ದೊಡ್ಡದಾದಷ್ಟೂ ಅದಕ್ಕೆ ಹಿಡಿಯುವ ನೂಲೂ ಹೆಚ್ಚು. ಗೇಜ್ 20ಕ್ಕೆ 370 ಮೀಟರ್ ಬೇಕಾದರೆ, 18ಕ್ಕೆ ಸುಮಾರು 411 ಮೀಟರ್ ಬೇಕು. ಉಂಡೆಯಲ್ಲಿ ಇರೋದು 400. ಕೊನೆ ಅಂಚು ಹೆಣೆಯುವಾಗ ನೂಲು ಮುಗಿಯುತ್ತೆ. ಶಾಲ್ ಮೈಗೆ ಸರಿಯಾಗಿ ಕೂರಬೇಕಿಲ್ಲ, ನಿಜ. ನೂಲು ಸಾಲಬೇಕಲ್ಲ?

ಲೇಸ್‌ಮನೆ
ಮೇಷ್ಟ್ರೇ, ದಪ್ಪ ಕಡ್ಡಿ ಹಾಕಿದರೆ ನೂಲು ಕಮ್ಮಿ ಸಾಕು ಅಂತ ಕೇಳಿದ್ದೇನೆ. ನೀವು ಉಲ್ಟಾ ಹೇಳುತ್ತಿದ್ದೀರಲ್ಲ.

ಲೆಕ್ಕದಮೇಷ್ಟ್ರು
ಎರಡೂ ನಿಜ. ಪ್ರಶ್ನೆ ಬೇರೆ ಬೇರೆ. ಶಾಲಿನ ಅಳತೆ ಅಷ್ಟೇ ಇಟ್ಟುಕೊಂಡು ದಪ್ಪ ಕಡ್ಡಿ ಹಿಡಿದರೆ ಸ್ಟಿಚ್‌ಗಳೂ ಕಮ್ಮಿ, ಸಾಲುಗಳೂ ಕಮ್ಮಿ, ಆದ್ದರಿಂದ ನೂಲು ಉಳಿಯುತ್ತೆ. ಪ್ಯಾಟರ್ನ್‌ನಲ್ಲಿ ಬರೆದಷ್ಟೇ ಸ್ಟಿಚ್, ಬರೆದಷ್ಟೇ ಸಾಲು ಹೆಣೆದರೆ ಶಾಲ್ ದೊಡ್ಡದಾಗುತ್ತೆ, ನೂಲು ಜಾಸ್ತಿ ಬೇಕಾಗುತ್ತೆ. ಬರೆದ ಪ್ಯಾಟರ್ನ್ ಇಟ್ಟುಕೊಂಡು ಹೆಣೆಯುವವರಿಗೆ ಎರಡನೆಯದೇ ಮುಖ್ಯ.

ಲೇಸ್‌ಮನೆ
ಈಗ ಅರ್ಥವಾಯಿತು, ಥ್ಯಾಂಕ್ಸ್.

ಎಡಗೈ
ಸ್ವಾಚ್ ಎಷ್ಟು ದೊಡ್ಡದು ಮಾಡಿದ್ದೀರಿ ಅಂತ ಯಾರೂ ಕೇಳಲೇ ಇಲ್ಲ. 10 ಸೆಂ.ಮೀ. ಅಗಲದ ತುಂಡು ಮಾಡಿ ಈ ಅಂಚಿನಿಂದ ಆ ಅಂಚಿಗೆ ಟೇಪ್ ಇಟ್ಟರೆ ತಪ್ಪು ಲೆಕ್ಕ ಬರುತ್ತೆ. ಅಂಚಿನ ಸ್ಟಿಚ್‌ಗಳು ಎಳೆದುಕೊಂಡಿರುತ್ತವೆ. ಕಮ್ಮಿ ಅಂದರೂ 15 ಸೆಂ.ಮೀ. ಚೌಕ ಇರಲಿ. ನಡುವೆ ಒಂದು ಪಿನ್ ಚುಚ್ಚಿ, ಸ್ಕೇಲ್ ಇಟ್ಟು 10 ಸೆಂ.ಮೀ. ದೂರದಲ್ಲಿ ಇನ್ನೊಂದು ಚುಚ್ಚಿ, ಆ ಎರಡರ ನಡುವೆ ಎಣಿಸಿ. ಅರ್ಧ ಸ್ಟಿಚ್ ಬಂದರೆ ಅದನ್ನೂ ಬರೆದುಕೊಳ್ಳಿ, ಬಿಡಬೇಡಿ. ಮೇಷ್ಟ್ರು ಹೇಳಿದ 320 ಸ್ಟಿಚ್‌ನಲ್ಲಿ 20ಕ್ಕೂ 20.5ಕ್ಕೂ 4 ಸೆಂ.ಮೀ. ವ್ಯತ್ಯಾಸ ಆಗುತ್ತೆ.

ಟೇಪಿಗಿಂತ ಗಟ್ಟಿ ಸ್ಕೇಲ್ ಒಳ್ಳೆಯದು. ಟೇಪ್ ಬಟ್ಟೆ ಜೊತೆ ತಾನೂ ಎಳೆಯುತ್ತೆ.

ತೂತುಲೇಸು
ಒಂದು ಮಾತು ಸೇರಿಸುತ್ತೇನೆ. ಪ್ಯಾಟರ್ನ್‌ನ ಗೇಜ್ ಯಾವ ಹೆಣಿಗೆಯಲ್ಲಿ ಅಂತ ನೋಡಿ. ಕೆಲವರು ಸೀದಾ-ಉಲ್ಟಾ ಹೆಣಿಗೆಯಲ್ಲಿ ಕೊಡುತ್ತಾರೆ, ಕೆಲವರು ಎಲ್ಲಾ ಸಾಲೂ ಸೀದಾ ಹೆಣೆದ ಗಾರ್ಟರ್‌ನಲ್ಲಿ, ಕೆಲವರು ಲೇಸ್‌ನಲ್ಲೇ. ಲೇಸ್‌ನಲ್ಲಿ ಕೊಟ್ಟಿದ್ದರೆ ಡಿಸೈನ್ ಕಮ್ಮಿ ಅಂದರೂ ಎರಡು ಸಲ ಬರುವ ಹಾಗೆ ಸ್ವಾಚ್ ಹೆಣೆಯಬೇಕು. ಆಮೇಲೆ ಒಂದು ಡಿಸೈನ್ ಎಷ್ಟು ಅಗಲ ಅಂತ ಅಳೆದರೆ ಸಾಕು. ಲೇಸ್‌ನಲ್ಲಿ ಸ್ಟಿಚ್ ಎಣಿಸಲು ಹೋದರೆ ಯಾರ್ನ್ ಓವರ್ (ನೂಲನ್ನು ಕಡ್ಡಿಗೆ ಸುತ್ತಿ ತೂತು ಮಾಡುವುದು) ಎಲ್ಲಿ, ಎರಡು ಸೇರಿಸಿದ್ದು ಎಲ್ಲಿ ಅಂತ ತಲೆ ಕೆಡುತ್ತೆ.

ನೀಲಿನೂಲು
ಅಬ್ಬಾ, ಇಷ್ಟೊಂದು ಉತ್ತರ! ನನ್ನ ಪ್ಯಾಟರ್ನ್‌ನಲ್ಲಿ ಗೇಜ್ ಸೀದಾ-ಉಲ್ಟಾ ಹೆಣಿಗೆಯಲ್ಲೇ, "ಬ್ಲಾಕಿಂಗ್ ಆದ ಮೇಲೆ", ಅಂದರೆ ನೆನೆಸಿ, ಎಳೆದು ಪಿನ್ ಹಾಕಿ ಒಣಗಿಸಿದ ಮೇಲೆ, ಅಂತ ಇದೆ. ನನ್ನ ಸ್ವಾಚ್ 16 ಸೆಂ.ಮೀ. ಇದೆ, ಸುತ್ತ ನಾಲ್ಕು ಸ್ಟಿಚ್ ಗಾರ್ಟರ್ ಅಂಚು ಹಾಕಿದ್ದೇನೆ. ತೊಳೆದಿಲ್ಲ. ತೊಳೆಯುವುದು ಹೇಗೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಸಾಲುಸಾಲು
ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು ಒಂದೆರಡು ಹನಿ. ಸ್ವಾಚ್ ಮುಳುಗಿಸಿ ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಉಜ್ಜಬೇಡಿ, ಹಿಂಡಬೇಡಿ. ಉಣ್ಣೆಯನ್ನು ಉಜ್ಜಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಜಮಖಾನದ ಹಾಗೆ ಗಟ್ಟಿಯಾಗುತ್ತೆ. ಎತ್ತಿ, ಒಣ ಟವೆಲ್‌ನಲ್ಲಿ ಸುತ್ತಿ ಅದುಮಿ ನೀರು ತೆಗೆಯಿರಿ. ಮೆತ್ತನೆ ಜಾಗದ ಮೇಲೆ ಹರಡಿ, ಎಳೆದು ಪಿನ್ ಹಾಕಿ. ಶಾಲನ್ನು ಮುಂದೆ ಎಷ್ಟು ಎಳೆಯಬೇಕು ಅಂದುಕೊಂಡಿದ್ದೀರೋ ಸ್ವಾಚನ್ನೂ ಅಷ್ಟೇ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ಪಿನ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಅಳೆಯಿರಿ. ಪಿನ್ ತೆಗೆದಾಗ ಉಣ್ಣೆ ಒಂಚೂರು ಒಳಗೆ ಸರಿಯುತ್ತೆ, ಆ ಅಳತೆಯೇ ನಿಜವಾದದ್ದು.

ಬಿದಿರುಕಡ್ಡಿ
ಇದೆಲ್ಲ ಉಣ್ಣೆಗೆ. ಅಕ್ರಿಲಿಕ್ ಆದರೆ ನೀರಲ್ಲಿ ನೆನೆಸಿ ಪಿನ್ ಹಾಕಿದರೂ ಒಣಗಿದ ಮೇಲೆ ಹಿಂದಿನ ಆಕಾರಕ್ಕೇ ಹೋಗುತ್ತೆ. ಅದಕ್ಕೆ ಹಬೆ ಬೇಕು. ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಗೆ ತಾಗಿಸದೆ ಮೇಲೆ ಹಿಡಿದು ಹಬೆ ಬಿಡಬೇಕು. ತಾಗಿಸಿದರೆ ಎಳೆ ಕರಗಿ ಜೋತು ಬೀಳುತ್ತೆ, ಮತ್ತೆ ಸರಿ ಮಾಡಲು ಬರುವುದಿಲ್ಲ. ಹತ್ತಿ, ರೇಷ್ಮೆ, ಬಿದಿರಿನ ನೂಲಿಗೆ ಉಣ್ಣೆಯಷ್ಟು ಪುಟಿಯುವ ಗುಣ ಇಲ್ಲ. ಅವು ತಮ್ಮ ಭಾರಕ್ಕೇ ಇಳಿಯುತ್ತವೆ. ಅಂಥ ನೂಲಿನ ಸ್ವಾಚನ್ನು ಒಂದು ದಿನ ನೇತುಹಾಕಿ ಅಳೆಯುವುದು ಒಳ್ಳೆಯದು.

ಸೂಪರ್‌ವಾಷ್ ಉಣ್ಣೆ, ಅಂದರೆ ಮಷಿನ್‌ನಲ್ಲಿ ತೊಳೆದರೂ ಗಟ್ಟಿಯಾಗದ ಹಾಗೆ ಸಂಸ್ಕರಿಸಿದ ಉಣ್ಣೆ, ಅದಕ್ಕೂ ಎಚ್ಚರ. ನೆಂದಾಗ ಹಿಗ್ಗಿ ಸಡಿಲ ಆಗುತ್ತೆ. ಆಗ ಗಾಬರಿಯಾಗಬೇಡಿ, ಆದರೆ ತೊಳೆಯದೆ ಅಳೆದರೆ ಆ ನೂಲಿನಷ್ಟು ಮೋಸ ಮಾಡುವುದು ಇನ್ನೊಂದಿಲ್ಲ.

ಹೊಸಹೆಣಿಗೆ
ಕಡ್ಡಿ ಯಾವುದರಿಂದ ಮಾಡಿದ್ದು ಅನ್ನೋದೂ ಮುಖ್ಯನಾ? ನನ್ನ ಹತ್ತಿರ 4 ಮಿ.ಮೀ. ಸ್ಟೀಲ್ ಕಡ್ಡಿ, 4 ಮಿ.ಮೀ. ಬಿದಿರಿನ ಕಡ್ಡಿ ಎರಡೂ ಇವೆ.

ಬಿದಿರುಕಡ್ಡಿ
ಮುಖ್ಯ. ಸ್ಟೀಲ್ ಮೇಲೆ ನೂಲು ಜಾರುತ್ತೆ, ಬಿದಿರಿನ ಮೇಲೆ ಹಿಡಿದುಕೊಳ್ಳುತ್ತೆ. ಅಳತೆ ಒಂದೇ ಇದ್ದರೂ ಕೈಯ ಬಿಗಿ ಬದಲಾಗುತ್ತೆ. ಸ್ವಾಚ್ ಯಾವ ಕಡ್ಡಿಯಲ್ಲಿ ಮಾಡಿದಿರೋ ಶಾಲೂ ಅದರಲ್ಲೇ ಹೆಣೆಯಿರಿ. ಲೇಸ್‌ಗೆ ತುದಿ ಚೂಪಾಗಿರುವುದು ಹಿಡಿಯಿರಿ. ಎರಡು ಮೂರು ಸ್ಟಿಚ್ ಸೇರಿಸಿ ಹೆಣೆಯುವಾಗ ಮೊಂಡು ತುದಿ ಒಳಗೆ ಹೋಗುವುದೇ ಇಲ್ಲ.

ಕಡ್ಡಿಚೀಲ
ಬಿಗಿ ಹೆಣೆಯುವವರಿಗೆ ಇನ್ನೊಂದು ಮಾತು. ಸ್ಟಿಚ್ ಎಲ್ಲಿ ಆಗುತ್ತಿದೆ ನೋಡಿಕೊಳ್ಳಿ. ಕಡ್ಡಿಯ ತುದಿ ಸಪೂರ ಇರುತ್ತೆ. ನೂಲು ಸುತ್ತಿ ತುದಿಯಲ್ಲೇ ಬಿಗಿ ಮಾಡಿದರೆ ಸ್ಟಿಚ್ ಆ ಸಪೂರ ಜಾಗದ ಅಳತೆಗೆ ಬರುತ್ತೆ. ಹೊಸ ಸ್ಟಿಚನ್ನು ಕಡ್ಡಿಯ ಪೂರ್ತಿ ದಪ್ಪ ಇರುವ ಕಡೆಗೆ ತಳ್ಳಿ, ಆಮೇಲೆ ಮುಂದಿನದಕ್ಕೆ ಹೋಗಿ. ಎಷ್ಟೋ ಜನರಿಗೆ ಕಡ್ಡಿ ಬದಲಿಸದೆ ಇಷ್ಟರಲ್ಲೇ ಗೇಜ್ ಸರಿಹೋಗುತ್ತೆ.

ಹಳೇಕೈ
ಇದು ನೂರಕ್ಕೆ ನೂರು ನಿಜ. ನಾನು ಕಲಿಸುವಾಗ ಮೊದಲು ಹೇಳುವುದೇ ಇದನ್ನು.

ಸ್ವಾಚ್ ವಿಷಯದಲ್ಲಿ ಮಾತ್ರ ನನ್ನ ಮಾತು ಬಿಡುವುದಿಲ್ಲ. ಶಾಲನ್ನೇ ಶುರು ಮಾಡಿ, ಒಂದಷ್ಟು ಹೆಣೆದು, ಸ್ಟಿಚ್‌ಗಳನ್ನು ಬೇರೆ ದಾರಕ್ಕೆ ಏರಿಸಿ, ಅದನ್ನೇ ನೆನೆಸಿ ಪಿನ್ ಹಾಕಿ ನೋಡಬಹುದು. ಗೇಜೂ ಸಿಗುತ್ತೆ, ಕೆಲಸವೂ ಮುಂದೆ ಹೋಗಿರುತ್ತೆ.

ತೂತುಲೇಸು
ಅಕ್ಕ, ಹಾಗೆ ಮಾಡಬಹುದು. ಆದರೆ ಗೇಜ್ ಸರಿ ಬರದಿದ್ದರೆ ನೆಂದು ಒಣಗಿದ ನೂಲನ್ನು ಬಿಚ್ಚಬೇಕು. ಅದು ಸುರುಳಿ ಸುರುಳಿಯಾಗಿ ಬರುತ್ತೆ, ಹಾಗೇ ಹೆಣೆದರೆ ಸ್ಟಿಚ್ ಒಂದೇ ಸಮ ಇರುವುದಿಲ್ಲ. ಲಡಿ ಮಾಡಿ ಮತ್ತೆ ನೆನೆಸಿ ನೇತುಹಾಕಿ ಒಣಗಿಸಬೇಕು. ಮೊಹೇರ್ (ಮೇಕೆ ಕೂದಲಿನ ನೂಲು) ಆದರಂತೂ ಬಿಚ್ಚುವುದೇ ಕಷ್ಟ, ಕೂದಲು ಒಂದಕ್ಕೊಂದು ಹಿಡಿದುಕೊಂಡಿರುತ್ತೆ. ಮೇಲಾಗಿ ಶುರುವಿನ ಆ ತ್ರಿಕೋನದಲ್ಲಿ ಎಲ್ಲಾ ಕಡೆ ಸ್ಟಿಚ್ ಹೆಚ್ಚಿಸುತ್ತಿರುತ್ತೇವೆ. ಅಲ್ಲಿ 10 ಸೆಂ.ಮೀ. ನೇರ ಜಾಗ ಎಲ್ಲಿದೆ ಅಳೆಯಲು?

ಹಳೇಕೈ
ಸರಿಯಮ್ಮಾ, ಮೊಹೇರ್‌ಗೆ ಒಪ್ಪಿದೆ. ಬರೀ ಉಣ್ಣೆಗೆ ನನ್ನ ದಾರಿಯೇ ನನಗೆ ಇಷ್ಟ.

ಗಂಟುದಾರ
ಎಲ್ಲರೂ ಅಂಕಿಯ ಹಿಂದೆ ಬಿದ್ದಿದ್ದೀರಿ. ಒಣಗಿದ ಸ್ವಾಚನ್ನು ಕೈಯಲ್ಲಿ ಹಿಡಿದು ನೋಡುವುದು ಅಷ್ಟೇ ಮುಖ್ಯ. ಒಂದು ಮೂಲೆ ಹಿಡಿದು ಎತ್ತಿ. ಮಡಿಕೆ ಬಿದ್ದು ಇಳಿಬೀಳುತ್ತಾ, ಇಲ್ಲ ಹಾಗೇ ಚೌಕವಾಗಿ ನಿಲ್ಲುತ್ತಾ? ನಿಂತರೆ ಕಡ್ಡಿ ಇನ್ನೂ ದಪ್ಪ ಬೇಕು. ಮುಷ್ಟಿಯಲ್ಲಿ ಮುದುಡಿ ಬಿಡಿ. ತಾನಾಗಿ ಬಿಡಿಸಿಕೊಳ್ಳಬೇಕು. ಬೆಳಕಿಗೆ ಹಿಡಿಯಿರಿ. ಯಾರ್ನ್ ಓವರ್ ತೂತು ಸ್ಪಷ್ಟ ಕಾಣಬೇಕು, ಆದರೆ ತೂತಲ್ಲದ ಜಾಗದ ಸೀದಾ ಸ್ಟಿಚ್‌ಗಳ ನಡುವೆ ಬೆಳಕು ಹರಿದು ಬರಬಾರದು. ಎಲ್ಲಾ ಕಡೆ ಒಂದೇ ಥರ ಬೆಳಕು ಕಂಡರೆ ಕಡ್ಡಿ ಅತಿ ದಪ್ಪ, ಎಲೆಯ ಡಿಸೈನ್ ಎಲೆಯಾಗಿ ಕಾಣುವುದೇ ಇಲ್ಲ.

ಗೇಜ್ ಸರಿಯಾಗಿ 20 ಬಂದು ಬಟ್ಟೆ ಇಷ್ಟವಾಗದಿದ್ದರೆ ನಾನು ಬಟ್ಟೆ ಮಾತು ಕೇಳುತ್ತೇನೆ. ನೂಲು ಸಾಲುತ್ತಾ ಅಂತ ಮೇಷ್ಟ್ರ ಲೆಕ್ಕ ಹಾಕಿಕೊಂಡು ಕಡ್ಡಿ ಬದಲಿಸುತ್ತೇನೆ.

ಲೇಸ್‌ಮನೆ
ಗಂಟುದಾರ ಹೇಳಿದ ಬೆಳಕಿನ ಪರೀಕ್ಷೆ ಈಗಷ್ಟೇ ಮಾಡಿ ನೋಡಿದೆ. ತುಂಬಾ ಉಪಯೋಗಕ್ಕೆ ಬಂತು.

ಹೊಸಹೆಣಿಗೆ
ವಿಷಯ ಸ್ವಲ್ಪ ಬೇರೆ. ನನ್ನ ಹಳೆ ಪ್ಯಾಟರ್ನ್ ಒಂದರಲ್ಲಿ ಬರೀ "8 ನಂಬರ್ ಕಡ್ಡಿ" ಅಂತ ಇದೆ. ಅದು ಎಷ್ಟು ಮಿ.ಮೀ.?

ಸಾಲುಸಾಲು
5 ಮಿ.ಮೀ.

ಎಡಗೈ
ಇಲ್ಲ, 4 ಮಿ.ಮೀ.

ಕಡ್ಡಿಚೀಲ
ಜಗಳ ಬೇಡ, ಇಬ್ಬರದೂ ಸರಿ. ಅಮೆರಿಕದ 8 ನಂಬರ್ ಅಂದರೆ 5 ಮಿ.ಮೀ. ಹಳೆ ಬ್ರಿಟಿಷ್ 8 ನಂಬರ್ ಅಂದರೆ 4 ಮಿ.ಮೀ. ಅಮೆರಿಕದ ಲೆಕ್ಕದಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ದಪ್ಪ. ಹಳೆ ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ, 10 ನಂಬರ್ ಅಂದರೆ 3.25 ಮಿ.ಮೀ. ಪ್ಯಾಟರ್ನ್ ಎಲ್ಲಿಯದು ಅಂತ ಮೊದಲು ನೋಡಿ. ಗೊತ್ತಾಗದಿದ್ದರೆ ಅದರಲ್ಲಿ ಕೊಟ್ಟ ಗೇಜ್ ಹಿಡಿದು ಎರಡೂ ಅಳತೆಯಲ್ಲಿ ಸ್ವಾಚ್ ಮಾಡಿ, ಯಾವುದು ಅಂತ ತಿಳಿಯುತ್ತೆ.

ಕಡ್ಡಿಯ ಮೇಲಿನ ನಂಬರ್ ಅಳಿಸಿಹೋಗಿದ್ದರೆ ತೂತುಗಳಿರುವ ಅಳತೆ ಪಟ್ಟಿ ಸಿಗುತ್ತೆ, ಅದರಲ್ಲಿ ತೂರಿಸಿ ನೋಡಿ. ಸುಲಭವಾಗಿ ಒಳಗೆ ಹೋಗುವ ತೂತುಗಳಲ್ಲಿ ಅತಿ ಸಣ್ಣದು ಯಾವುದೋ ಅದೇ ಕಡ್ಡಿಯ ಅಳತೆ.

ಎಡಗೈ
ನನಗೆ ಅಮೆರಿಕದ ನಂಬರ್ ನೆನಪಿಗೇ ಬರಲಿಲ್ಲ. ಎಲ್ಲರೂ ಮಿ.ಮೀ.ನಲ್ಲೇ ಬರೆದರೆ ಎಷ್ಟು ಒಳ್ಳೆಯದು.

ತೂತುಲೇಸು
ಲೇಸ್ ಅಂದಾಗ ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ಮತ್ತು ರಷ್ಯಾದ ಒರೆನ್‌ಬರ್ಗ್ ಶಾಲುಗಳ ಮಾತು ಬರಲೇಬೇಕು. ಅಷ್ಟಗಲದ ಶಾಲನ್ನು ಬೆರಳಿನ ಉಂಗುರದೊಳಗೆ ತೂರಿಸಿ ಎಳೆಯಬಹುದು, ಅಷ್ಟು ನವಿರು. ಎಸ್ಟೋನಿಯಾದ ಹಾಪ್‌ಸಾಲು ಶಾಲುಗಳಲ್ಲಿ ನುಪ್ ಅಂತ ಪುಟ್ಟ ಮೊಗ್ಗು ಬರುತ್ತೆ. ಒಂದೇ ಸ್ಟಿಚ್‌ನಿಂದ ಐದೋ ಏಳೋ ಸ್ಟಿಚ್ ತೆಗೆದು, ಮುಂದಿನ ಸಾಲಿನಲ್ಲಿ ಅಷ್ಟನ್ನೂ ಒಟ್ಟಿಗೆ ಉಲ್ಟಾ ಹೆಣೆಯುವುದು. ಕೈ ಬಿಗಿ ಇದ್ದರೆ ಆ ಏಳರೊಳಗೆ ಕಡ್ಡಿ ತುದಿ ಹೋಗುವುದೇ ಇಲ್ಲ. ಅಲ್ಲಿ ಮಾತ್ರ ಬೇಕಂತಲೇ ಸಡಿಲ ಬಿಡಬೇಕು.

ನೀಲಿನೂಲು
ಸ್ವಾಚ್ ಒಣಗಿತು! 4 ಮಿ.ಮೀ. ಕಡ್ಡಿಯದು 23 ಇದ್ದದ್ದು ಈಗ 21 ಆಗಿದೆ. ಜೊತೆಗೆ 4.5 ಮಿ.ಮೀ.ನಲ್ಲೂ ಇನ್ನೊಂದು ಮಾಡಿ ತೊಳೆದೆ. ಅದು 19.5. ಪ್ಯಾಟರ್ನ್ ಕೇಳುವ 20 ಎರಡರಲ್ಲೂ ಇಲ್ಲ. ಬೆಳಕಿಗೆ ಹಿಡಿದು ನೋಡಿದೆ. 4ರದ್ದು ಒತ್ತಾಗಿ ಚೆನ್ನಾಗಿದೆ, ಇಳಿಬೀಳುತ್ತೆ. 4.5ರದ್ದು ಇನ್ನೂ ಮೆತ್ತಗೆ, ಆದರೆ ಸ್ಟಿಚ್ ನಡುವೆ ಸ್ವಲ್ಪ ಬೆಳಕು ಕಾಣುತ್ತೆ. ಯಾವುದು ಆರಿಸಲಿ?

ಲೆಕ್ಕದಮೇಷ್ಟ್ರು
21 ಆದರೆ ಕೆಳಗಿನ ಅಂಚು 152 ಸೆಂ.ಮೀ., ನೂಲು ಸುಮಾರು 352 ಮೀಟರ್. 19.5 ಆದರೆ 164 ಸೆಂ.ಮೀ., ನೂಲು ಸುಮಾರು 380. ಎರಡೂ 400ರೊಳಗೇ ಇವೆ. ಆದರೆ 380ಕ್ಕೆ ಹೋದರೆ ಕೈಯಲ್ಲಿ ಉಳಿಯೋದು 20 ಮೀಟರ್ ಮಾತ್ರ. ಕೈ ಒಂಚೂರು ಸಡಿಲವಾದರೂ ಅದು ಹೋಗಿಬಿಡುತ್ತೆ.

ಗಂಟುದಾರ
4 ಹಿಡಿಯಿರಿ. ಬಟ್ಟೆ ನಿಮಗೆ ಇಷ್ಟವಾಗಿದೆ, ನೂಲೂ ಮಿಗುತ್ತೆ. ಅಳತೆ ಸಾಲದು ಅನ್ನಿಸಿದರೆ ಮಿಕ್ಕ ನೂಲಲ್ಲಿ ನಾಲ್ಕಾರು ಸಾಲು ಹೆಚ್ಚಿಗೆ ಹೆಣೆಯಬಹುದು.

ಕಡ್ಡಿಚೀಲ
ನನ್ನದೂ 4ಕ್ಕೇ ಮತ. ಎರಡು ತುದಿಯ ನಡುವೆ ಉದ್ದ ಕೇಬಲ್ ಇರುವ ಸರ್ಕ್ಯುಲರ್ ಕಡ್ಡಿ ತಗೊಳ್ಳಿ, 80 ಅಥವಾ 100 ಸೆಂ.ಮೀ. ಅದರಲ್ಲೂ ಹಿಂದೆ ಮುಂದೆ ತಿರುಗಿಸಿ ಹೆಣೆಯಬಹುದು. 320 ಸ್ಟಿಚ್ ಗಿಡ್ಡ ಕಡ್ಡಿಯಲ್ಲಿ ಒತ್ತಿಕೊಂಡರೆ ಉದುರುತ್ತವೆ, ಶಾಲ್ ಹರಡಿ ನೋಡಲೂ ಆಗುವುದಿಲ್ಲ.

ನೀಲಿನೂಲು
4ಕ್ಕೇ ನಿರ್ಧಾರ. ಕೊನೆಯದಾಗಿ ಒಂದು ಪ್ರಶ್ನೆ. ಹೆಚ್ಚಿಗೆ ಸಾಲು ಹೆಣೆಯಲು ನೂಲು ಸಾಲುತ್ತಾ ಇಲ್ವಾ ಅಂತ ನಡುವೆ ತಿಳಿಯೋದು ಹೇಗೆ?

ಲೆಕ್ಕದಮೇಷ್ಟ್ರು
ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಶುರು ಮಾಡುವ ಮೊದಲು ಉಂಡೆಯನ್ನು ತೂಗಿ, 100 ಗ್ರಾಂ ಅಂದದ್ದು ನಿಜವಾಗಿ ಎಷ್ಟಿದೆ ನೋಡಿ.

ಈ ಥರದ ಶಾಲಿನಲ್ಲಿ ಕಣ್ಣಂದಾಜು ನಡೆಯುವುದಿಲ್ಲ. ಸಾಲು ಉದ್ದವಾಗುತ್ತಾ ಹೋಗುತ್ತೆ. 160ರಲ್ಲಿ 80 ಸಾಲು ಮುಗಿದಾಗ ಖರ್ಚಾಗಿರೋದು ಕಾಲು ಭಾಗ ನೂಲು ಮಾತ್ರ. ಅರ್ಧ ನೂಲು ಮುಗಿಯೋದು 113ನೇ ಸಾಲಿನ ಹತ್ತಿರ. ಕೊನೆ ಸಾಲುಗಳು ಒಂದೊಂದೂ ನಾಲ್ಕೂವರೆ ಮೀಟರ್‌ನಷ್ಟು ನುಂಗುತ್ತವೆ, ಅಂದರೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ. ತೂಗಿ, ಎರಡು ಸಾಲು ಹೆಣೆದು, ಮತ್ತೆ ತೂಗಿ. ಇನ್ನೆಷ್ಟು ಸಾಲು ಆಗುತ್ತೆ ಅಂತ ಸಿಕ್ಕಿಬಿಡುತ್ತೆ.

ಸಾಲುಸಾಲು
ಕೊನೆಯಲ್ಲಿ ಸ್ಟಿಚ್‌ಗಳನ್ನು ಮುಚ್ಚಲು ನೂಲು ಬಿಡೋದು ಮರೆಯಬೇಡಿ. ಅಂಚಿನ ಉದ್ದದ ನಾಲ್ಕು ಪಟ್ಟು ಇಟ್ಟುಕೊಳ್ಳಿ. ನಿಮ್ಮದಕ್ಕೆ ಆರು ಮೀಟರ್ ಮೇಲೆ ಬೇಕು, 2 ಗ್ರಾಂ ಪಕ್ಕಕ್ಕಿಡಿ. ಮುಚ್ಚುವಾಗ ಕಡ್ಡಿ 5 ಮಿ.ಮೀ. ತಗೊಳ್ಳಿ. ಎರಡು ಸ್ಟಿಚ್ ಹಿಂಬದಿಯಿಂದ ಸೇರಿಸಿ ಸೀದಾ ಹೆಣೆಯಿರಿ, ಬಂದ ಸ್ಟಿಚನ್ನು ಎಡಗಡ್ಡಿಗೆ ವಾಪಸ್ ಹಾಕಿ, ಮತ್ತೆ ಎರಡು ಸೇರಿಸಿ. ಈ ಅಂಚು ಹಿಗ್ಗುತ್ತೆ. ಅಂಚು ಬಿಗಿಯಾದರೆ ಬ್ಲಾಕಿಂಗ್‌ನಲ್ಲಿ ಎಷ್ಟು ಎಳೆದರೂ ಲೇಸ್ ಬಿಡಿಸಿಕೊಳ್ಳುವುದಿಲ್ಲ.

ಹಳೇಕೈ
ಲೇಸ್ ಶುರುವಾಗುವ ಮೊದಲು ಎಲ್ಲಾ ಸ್ಟಿಚ್‌ಗಳ ಒಳಗೆ ಬೇರೆ ಬಣ್ಣದ ಸಣ್ಣ ದಾರ ಒಂದನ್ನು ಸೂಜಿಯಿಂದ ಹಾಯಿಸಿಡಿ. ಬಿಚ್ಚಬೇಕಾಗಿ ಬಂದರೆ ಅಲ್ಲಿಗೇ ನಿಲ್ಲುತ್ತೆ. ನುಣುಪಾದ ಹತ್ತಿ ದಾರ ಇರಲಿ, ಉಣ್ಣೆ ದಾರ ಬೇಡ, ಅಂಟಿಕೊಳ್ಳುತ್ತೆ. ಹತ್ತು ಹನ್ನೆರಡು ಸಾಲಿಗೊಮ್ಮೆ, ಉಲ್ಟಾ ಸಾಲು ಮುಗಿದ ಮೇಲೆ ಹಾಕಿ.